ಶುಭಂ ಕಾಣದ ಸಂಸಾರ

ಒಮ್ಮೆ ನೋಡಿದ ಸಿನಿಮಾವನ್ನು ಮತ್ತೆ ಯಾಕೆ ನೋಡುತ್ತೀರಿ ಎಂದು ಕೇಳುವವರನ್ನು ಕಂಡರೆ ನನಗೆ ಮರುಕವಾಗುತ್ತದೆ. ನಿನ್ನೆ ರೊಟ್ಟಿ ತಿಂದಿದ್ದೀರಲ್ಲ, ಇವತ್ತು ಮತ್ತೆ ಯಾಕೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅಳಿಸುವ ಸಿನಿಮಾ ಒಂದು ಸಲಕ್ಕೆ ಸಾಕು. ಅಳುವುದಕ್ಕೆ ಸಂಸಾರಸ್ಥರಿಗೆ ಮನೆಯಲ್ಲೇ ಬೇಕಾದಷ್ಟು ಅನುಕೂಲವಿರುತ್ತದೆ. ನಗಿಸುವ ಸಿನಿಮಾ ಉಪ್ಪಿನಕಾಯಿಯ ಜಾತಿಯದು. ಹಾಕಿದ ದಿನ ತಿಂದರೆ ಬರೀ ಖಾರ. ಜಾಡಿಯಲ್ಲಿ ಕೂತು ಕೂತು ರುಚಿ ಏರಬೇಕು. ಮೊದಲ ಸಲ ನೋಡುವಾಗ ಮುಂದೇನಾಗುತ್ತದೋ ಎಂಬ ಆತಂಕದಲ್ಲಿಯೇ ಅರ್ಧ ನಗು ಸೋರಿಹೋಗುತ್ತದೆ. ಎರಡನೆಯ ಸಲ ಯಾರು ಜಾರಿ ಬೀಳುತ್ತಾರೆಂಬುದು ಗೊತ್ತಿರುವುದರಿಂದ ನೆಲದ ಮೇಲೆ ಬಾಳೆಹಣ್ಣಿನ ಸಿಪ್ಪೆ ಕಂಡೊಡನೆ ನಗಬಹುದು. ನಾನೀಗ ಯಾವ ಹಂತಕ್ಕೆ ಬಂದಿದ್ದೇನೆಂದರೆ, ಆ ಸಿಪ್ಪೆ ಇನ್ನೂ ಹಣ್ಣಿನ ಮೈಮೇಲಿರುವಾಗಲೇ ನನಗೆ ನಗು ಬರುತ್ತದೆ.

ಹೀಗೆ ಹೊಟ್ಟೆ ಹಿಡಿದುಕೊಂಡು ಮತ್ತೆ ಮತ್ತೆ ನೋಡಿದ ಸಿನಿಮಾಗಳು ನಾಲ್ಕಾರಿವೆ. ಅವುಗಳಲ್ಲಿ ಪಟ್ಟದ ರಾಣಿಯಂಥದ್ದು ಒಂದು. ನಮ್ಮ ದಾವಣಗೆರೆಯ ಟಾಕೀಸಿಗೆ ಅದು ಯಾವಾಗ ಮರಳಿ ಬಂದರೂ ಹೋಗಿದ್ದೇವೆ. ಅದರ ಒಂದೊಂದು ಮಾತೂ ನನಗೆ ಬಾಯಿಪಾಠ. ಪಾತ್ರೆ ತಿಕ್ಕುವಾಗ ಅದರ ಸಾಹುಕಾರನ ದನಿ ತೆಗೆದು ಒಬ್ಬಳೇ ಮಾತಾಡಿಕೊಂಡು, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿದ್ದೂ ಉಂಟು. ಇಷ್ಟಾದರೂ ಅದರ ಕೊನೆ ಏನೆಂದು ನನಗೆ ಗೊತ್ತಿಲ್ಲ. ಸಿನಿಮಾದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಪುಣ್ಯಾತ್ಮರು ಕೊನೆಯನ್ನು ತಿಳಿಸಿಬಿಡುತ್ತೀರಿ. ಯಾಕೆ ತಿಳಿಸಬಾರದು ಎಂಬುದೇ ಈ ಪ್ರಬಂಧ.

ಕೊನೆ ನೋಡದಿರುವುದಕ್ಕೆ ಕಾರಣ ನಮ್ಮ ಯಜಮಾನರು. ಅವರಿಗಿಂತಲೂ ಹೆಚ್ಚಾಗಿ ಅವರ ಸ್ಕೂಟರು. ಯಜಮಾನರು ಊರಂಚಿನ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆಯ ಸ್ಟೋರು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸ್ಕೂಟರನ್ನು ಗೇಟಿನ ಕಡೆಗೆ ಮುಖ ಮಾಡಿ ನಿಲ್ಲಿಸಿದ ಮೇಲೆಯೇ ಒಳಗೆ ಹೋಗುವುದು. ಸಂಜೆ ಎಲ್ಲರಿಗಿಂತ ಮೊದಲು ಹೊರಬೀಳಬೇಕಲ್ಲ. ಜನ ಒಮ್ಮೆಗೇ ಏಳುತ್ತಾರೆ, ಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ, ತಮ್ಮ ಸ್ಕೂಟರು ಸೈಕಲ್ಲುಗಳ ನಡುವೆ ಸಿಕ್ಕಿಬೀಳುತ್ತದೆ ಎಂಬುದು ಅವರ ಜೀವನದ ಏಕೈಕ ಭಯ. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಚಪ್ಪಲಿ ಹುಡುಕುತ್ತಿರುತ್ತಾರೆ. ಪುರಾಣಕ್ಕೆ ಹೋದರೆ ಮಂಗಳಾರತಿಗೆ ಮೊದಲೇ ಎದ್ದುಬಿಡುತ್ತಾರೆ. ನಮ್ಮ ಮದುವೆಯಲ್ಲಿ ಕೊನೆಯತನಕ ಕೂತಿದ್ದರೆಂದು ಹಿರಿಯರು ಹೇಳುತ್ತಾರೆ. ಆಗಿನ್ನೂ ಅವರಲ್ಲಿ ಸ್ಕೂಟರು ಇರಲಿಲ್ಲ. ಊರು ಜಿಲ್ಲೆಯಾದ ಮೇಲಂತೂ ರಸ್ತೆಯಲ್ಲಿ ರಶ್ಶು ಹೆಚ್ಚಾಗಿದೆಯೆಂದು ಇನ್ನಷ್ಟು ಬೇಗ ಏಳತೊಡಗಿದರು. ಈ ಊರು ರಾಜಧಾನಿಯಾಗಿಬಿಟ್ಟರೆ ನಾವು ಇಂಟರ್ವಲ್ಲಿಗೇ ಮನೆ ಸೇರುತ್ತೇವೆ.

ಸಿನಿಮಾದಲ್ಲಿ ಅವರು ಏಳುವುದಕ್ಕೂ ಒಂದು ಕ್ರಮವಿದೆ. ಮೊದಲು ಮಣಿಕಟ್ಟನ್ನು ಪರದೆಯ ಬೆಳಕಿಗೆ ತಿರುಗಿಸಿ ಗಡಿಯಾರ ನೋಡುತ್ತಾರೆ. ಆಮೇಲೆ ಜೇಬಿನಲ್ಲಿ ಸ್ಟ್ಯಾಂಡಿನ ಟೋಕನ್ ಮುಟ್ಟಿ ನೋಡುತ್ತಾರೆ. ಆಮೇಲೆ ಒಂದು ಸಲ ಕೆಮ್ಮುತ್ತಾರೆ. ಆ ಕೆಮ್ಮು ನಮಗೆ ಅಪ್ಪಣೆ. ನಾನು ಚಪ್ಪಲಿಗೆ ಕಾಲು ತೂರಿಸಿ, ಚೀಲ ಎತ್ತಿಕೊಂಡು, ಅತ್ತೆಯ ಕೈ ಹಿಡಿದು, ಹಿಂದಿನವರ ಬೈಗುಳಕ್ಕೆ ಬೆನ್ನು ಬಾಗಿಸಿ ನಡೆದುಬಿಡಬೇಕು. ಹೊರಗೆ ಯಜಮಾನರು ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ನೆಟ್ಟಗೆ ಮಾಡಿ, ಒದ್ದು ಒದ್ದು ಎಬ್ಬಿಸುತ್ತಾರೆ. ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ಸ್ಟೆಪ್ನಿಯ ಅಂಚಿನಲ್ಲಿ ನಾನು. ಪೊಲೀಸಿನವರಿರುವ ಸರ್ಕಲ್ ಬಂದಾಗ ನಾನು ಇಳಿದು, ಗುರುತಿಲ್ಲದವಳ ಹಾಗೆ ನಡೆದು ದಾಟಿ, ಆಚೆ ಮತ್ತೆ ಹತ್ತಿಕೊಳ್ಳುವುದು. ತಮಾಷೆಯೆಂದರೆ ಆ ಸ್ಕೂಟರು ಚಾಲೂ ಆಗುವಷ್ಟರಲ್ಲಿ ಒಳಗೆ ಸಿನಿಮಾ ಮುಗಿದು, ಜನವೆಲ್ಲ ಹೊರಬಂದು, ನಮ್ಮನ್ನು ನೋಡಿಕೊಂಡೇ ಮನೆಗೆ ಹೋಗಿರುತ್ತಿದ್ದರು.

ಈಗ ಆ ಸಿನಿಮಾದ ಕತೆ ಹೇಳುತ್ತೇನೆ. ಒಬ್ಬ ಜಿಪುಣ ಸಾಹುಕಾರ ಹೊಸದಾಗಿ ಕಟ್ಟಿಸಿದ ಹಲ್ಲುಸೆಟ್ಟನ್ನು ಕಳೆದುಕೊಳ್ಳುತ್ತಾನೆ. ಹುಡುಕಿ ತಂದವನಿಗೆ ಮಗಳನ್ನು ಕೊಡುತ್ತೇನೆಂದು ಡಂಗುರ ಹೊಡೆಸುತ್ತಾನೆ. ಹಲ್ಲು ಬಾವಿಕಟ್ಟೆಯಿಂದ ಎಳನೀರಿನ ಬುಟ್ಟಿಗೆ, ಅಲ್ಲಿಂದ ದರ್ಜಿಯ ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ಅಂಚೆಯವನ ಚೀಲಕ್ಕೆ ಸೇರಿ ಊರೆಲ್ಲ ಮೆರವಣಿಗೆ ಹೋಗುತ್ತದೆ. ಸಾಹುಕಾರನಿಗೆ ಒಬ್ಬಳು ಬೊಚ್ಚುಬಾಯಿಯ ತಾಯಿ. ಮಗ ತನಗೆ ಹಲ್ಲು ಕಟ್ಟಿಸಿಕೊಂಡನೇ ಹೊರತು ಅವಳಿಗೆ ಕಟ್ಟಿಸಿರುವುದಿಲ್ಲ. ಆ ಅಜ್ಜಿ ಸಿನಿಮಾದ ಮೊದಲಿನಿಂದಲೂ ಒಂದು ಚಕ್ಕುಲಿಯನ್ನು ಕೈಯಲ್ಲಿ ಹಿಡಿದು, ಕಡಿಯಲಾರದೆ, ಮುರಿಯಲಾರದೆ, ಸುಮ್ಮನೆ ಚೀಪುತ್ತಿರುತ್ತಾಳೆ. ಕಡೆಗೆ ಮದುವೆ ಚಪ್ಪರದಲ್ಲಿ ನಮ್ಮ ಹೀರೋ ಹಾರ್ಮೋನಿಯಂ ನುಡಿಸಲು ಕೂತಾಗ ಒಳಗಿನಿಂದ ಕಟಕಟ ಸದ್ದು ಬರುತ್ತದೆ. ಹಲ್ಲು ಹಾರ್ಮೋನಿಯಂನಲ್ಲಿದೆ. ಒಂದು ಕಡೆಯಿಂದ ಸಾಹುಕಾರ ಹಾರಿ ಬರುತ್ತಾನೆ. ಇನ್ನೊಂದು ಕಡೆ ಅಜ್ಜಿ ಚಕ್ಕುಲಿ ಹಿಡಿದುಕೊಂಡೇ ಓರೆಗಣ್ಣಲ್ಲಿ ನೋಡುತ್ತಾಳೆ. ಅಷ್ಟರಲ್ಲಿ ನಮ್ಮ ಯಜಮಾನರು ಕೆಮ್ಮುತ್ತಾರೆ.

ಹಲ್ಲು ಯಾರ ಬಾಯಿ ಸೇರಿತು? ಇದು ನಮ್ಮ ಮನೆಯ ಅನಾದಿ ಜಗಳ. ಹಲ್ಲು ಸಾಹುಕಾರನದು, ಅವನಿಗೇ ಹೋಗಬೇಕು, ಅದೇ ನ್ಯಾಯ ಎನ್ನುವುದು ಯಜಮಾನರ ಪಕ್ಷ. ಸ್ಟೋರಿನವರಲ್ಲವೇ, ಯಾವ ಸಾಮಾನು ಯಾರ ಹೆಸರಿನಲ್ಲಿದೆ ಎಂಬುದೇ ಅವರಿಗೆ ಮುಖ್ಯ. ಅಜ್ಜಿಗೇ ಸಿಗುತ್ತದೆ, ಇಲ್ಲದಿದ್ದರೆ ಅವಳ ಕೈಗೆ ಚಕ್ಕುಲಿ ಯಾಕೆ ಕೊಡುತ್ತಿದ್ದರು ಎನ್ನುವುದು ಅತ್ತೆಯ ಪಕ್ಷ. ನನಗೂ ಒಂದು ಪಕ್ಷ ಇರಲಿ ಎಂದು, ಹಲ್ಲು ಹಾರ್ಮೋನಿಯಂನಲ್ಲೇ ಉಳಿದು ಸಂಗೀತ ಕಲಿಯಿತೆಂದು ನಾನು ಹೇಳುತ್ತಿದ್ದೆ. ಒಮ್ಮೆ ಕೇಬಲ್ಲಿನವರು ಟೀವಿಯಲ್ಲಿ ಆ ಸಿನಿಮಾ ಹಾಕಿದರು. ಮನೆಯಲ್ಲಿ ಸ್ಕೂಟರಿನ ಹೆದರಿಕೆ ಇಲ್ಲವಲ್ಲ ಎಂದು ನಿಶ್ಚಿಂತೆಯಿಂದ ಕೂತೆವು. ಹಾರ್ಮೋನಿಯಂ ಕಟಕಟ ಎಂದಿತು, ಕರೆಂಟು ಹೋಯಿತು. ಕರೆಂಟಿನವರಿಗೂ ಎಲ್ಲೋ ಸ್ಕೂಟರು ತೆಗೆಯುವುದಿತ್ತೋ ಏನೋ.

ಇದು ಹೀಗೇ ನಗೆಯಲ್ಲಿ ಹೋಗುತ್ತಿತ್ತು. ಆದರೆ ಒಂದು ವರ್ಷ ಅತ್ತೆಯ ಬಾಯಲ್ಲಿ ಉಳಿದಿದ್ದ ಕೊನೆಯ ಹಲ್ಲೂ ಬಿತ್ತು. ನಮ್ಮ ಅತ್ತೆ ತಿನ್ನುವುದರಲ್ಲಿ ರಸಿಕರು. ಸಂಜೆಯಾದರೆ ಮಂಡಕ್ಕಿ ಮಿರ್ಚಿ ಬೇಕು. ಕೋಡುಬಳೆ ಕಡಿಯುವ ಸದ್ದು ಕೇಳಿದರೆ ಅತ್ತೆ ಯಾವ ಕೋಣೆಯಲ್ಲಿದ್ದಾರೆಂದು ತಿಳಿಯುತ್ತಿತ್ತು. ಈಗ ಹಾಲಲ್ಲಿ ನೆನೆಸಿದ ರೊಟ್ಟಿ, ನೀರಲ್ಲಿ ನೆನೆಸಿದ ಅವಲಕ್ಕಿ. ಅದನ್ನೂ ಎರಡು ತುತ್ತು ತಿಂದು ತಟ್ಟೆ ದೂಡಿಬಿಡುವರು. ಕೈಬಳೆ ಮೊಣಕೈತನಕ ಸರಿಯುವಂತಾಯಿತು. ಯಜಮಾನರು ಡಾಕ್ಟರ ಹತ್ತಿರ ಕರೆದೊಯ್ದು ಅಚ್ಚುಕಟ್ಟಾದ ಹಲ್ಲುಸೆಟ್ ಮಾಡಿಸಿ ತಂದರು. ಅತ್ತೆ ಅದನ್ನು ಒಂದು ಸಲ ಬಾಯಿಗಿಟ್ಟು, ಕನ್ನಡಿ ನೋಡಿ, ತೆಗೆದು, ನೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಮುಳುಗಿಸಿ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟವರು ಮತ್ತೆ ಮುಟ್ಟಲಿಲ್ಲ. ಯಾರದೋ ಬಾಯಿ ತಂದು ತಮ್ಮ ಮುಖಕ್ಕೆ ಹಚ್ಚಿದ ಹಾಗಿದೆಯಂತೆ. ಈ ವಯಸ್ಸಿನಲ್ಲಿ ಬೆಳ್ಳಗೆ ಹಲ್ಲು ಕಿಸಿದುಕೊಂಡು ಓಡಾಡಿದರೆ ನಮ್ಮ ಸರಸ್ವತಿ ನಗರದ ಜನ ಏನಂದಾರು ಎಂಬುದು ಇನ್ನೊಂದು ಚಿಂತೆ. ಉಪ್ಪಿನಕಾಯಿ ತೆಗೆಯಲು ಹೋದ ನಾನು ಎರಡು ಸಲ ತಪ್ಪಿ ಆ ಡಬ್ಬಿ ತೆರೆದು, ಹಲ್ಲು ನನ್ನನ್ನು ನೋಡಿ ನಕ್ಕು, ನಾನು ಚಮಚ ಬಿಟ್ಟು ಓಡಿದ್ದೇನೆ.

ಅನುನಯಿಸಿದ್ದಾಯಿತು, ಗದರಿದ್ದಾಯಿತು. ಹಟದ ವಿಷಯದಲ್ಲಿ ಅತ್ತೆಯದು ಹಳೇ ಕಾಲದ ಕಟ್ಟಡ. ಒಂದು ಕಲ್ಲೂ ಅಲುಗುವುದಿಲ್ಲ. ಒಂದು ಸಂಜೆ ಯಜಮಾನರು ಬೇಸರದಿಂದ, "ಯವ್ವಾ, ಆ ಸಿನಿಮಾದಾಗಿನ ಮುದುಕಿಗೆ ಹಲ್ಲು ಬೇಕು ಅಂತ ಅಷ್ಟು ಜಗಳ ಆಡ್ತಿ. ನಿನಗ ಮಾಡಿಸಿಕೊಟ್ರ ಡಬ್ಬ್ಯಾಗ ಇಡ್ತಿ. ಇದ್ಯಾವ ನ್ಯಾಯ?" ಎಂದರು.

ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

"ಆತು. ಆ ಅಜ್ಜಿ ಹಾಕ್ಕೊಂಡಿದ್ದು ನನ್ನ ಕಣ್ಣಾರೆ ನೋಡಿದ್ನೆಂದ್ರ ನಾನೂ ಹಾಕ್ಕೊಂತೀನಿ. ಇಲ್ಲಾಂದ್ರ ಆ ಡಬ್ಬಿ ವಿಷಯ ಈ ಮನ್ಯಾಗ ಯಾರೂ ಎತ್ತಬಾರದು. ನೀನೂ ಅಷ್ಟೇ, ಗಿರಿಜಾ, ನೀನೂ ಅಷ್ಟೇ" ಎಂದು ನನ್ನ ಕಡೆಗೂ ತಿರುಗಿದರು.

ಕಣ್ಣಾರೆ ನೋಡಬೇಕು. ಅಂದರೆ ನಮ್ಮ ಯಜಮಾನರ ಜೊತೆ ಸಿನಿಮಾಕ್ಕೆ ಹೋಗಿ ಕೊನೆಯತನಕ ಕೂತಿರಬೇಕು. ಅತ್ತೆ ಮಗನನ್ನು ಬಲ್ಲವರು. ಇದು ನಡೆಯುವ ಮಾತಲ್ಲವೆಂದು ತಿಳಿದೇ ಪಣ ಕಟ್ಟಿದ್ದರು.

ಅದಾದ ಕೆಲವು ದಿನಕ್ಕೆ ಹರಿಹರದಿಂದ ನನ್ನ ನಾದಿನಿ ನಿರ್ಮಲಾಳ ಫೋನು ಬಂತು. "ಅತ್ತಿಗೆ, ನಮ್ಮ ಮನಿ ಹತ್ರದ ಟಾಕೀಸಿಗೆ ಆ ಹಲ್ಲಿನ ಸಿನಿಮಾ ಬಂದೈತೆ. ಅವ್ವನ್ನ ಕರ್ಕೊಂಡು ಬರ್ರಿ" ಎಂದಳು. ಅವಳೂ ಇದೇ ಮನೆಯಲ್ಲಿ ಬೆಳೆದವಳಾದ್ದರಿಂದ ಅವಳಿಗೂ ಕೊನೆ ಗೊತ್ತಿರಲಿಲ್ಲ. ಭಾನುವಾರದ ಮ್ಯಾಟ್ನಿಗೆ ಹೋಗುವುದೆಂದಾಯಿತು. ನಾನು ಒಂದು ಷರತ್ತು ಹಾಕಿದೆ. ಬಸ್ಸಿನಲ್ಲಿ ಹೋಗಬೇಕು, ಸ್ಕೂಟರು ಮನೆಯಲ್ಲೇ ಇರಬೇಕು. ಸ್ಕೂಟರೇ ಇಲ್ಲದಿದ್ದರೆ ಏನನ್ನು ತೆಗೆಯಲು ಇವರು ಏಳುತ್ತಾರೆ? ಇಷ್ಟು ಸರಳವಾದ ಉಪಾಯ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಗೆ ನಾನೇ ಬೆರಗಾದೆ. ಯಜಮಾನರು ಸ್ಕೂಟರಿಗೆ ಹೊದಿಕೆ ಹೊದಿಸುವಾಗ ಮುಖ ಮಾಡಿಕೊಂಡ ರೀತಿ ನೋಡಿದ್ದರೆ, ಹಸುಗೂಸನ್ನು ಬಿಟ್ಟು ಊರಿಗೆ ಹೊರಟ ತಾಯಿಯೆಂದು ನೀವು ಕಣ್ಣೀರು ಹಾಕುತ್ತಿದ್ದಿರಿ. ಅತ್ತೆ ಮಾತ್ರ, ಸಿನಿಮಾದ ನೆಪದಲ್ಲಿ ಹರಿಹರೇಶ್ವರನ ದರ್ಶನವೂ ಆದೀತು ಎನ್ನುತ್ತ ಹುರುಪಿನಿಂದ ಹೊರಟರು. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಅವರ ಕೈಚೀಲದಲ್ಲಿ ಏನೋ ಗಳಗಳ ಎನ್ನುತ್ತಿತ್ತು. ಕುಟ್ಟಾಣಿ ಇರಬೇಕೆಂದುಕೊಂಡೆ.

ನಿರ್ಮಲಾ ಮನೆಯಲ್ಲಿ ಊಟ ಮುಗಿಸಿ, ಸಂಜೆಗೆ ಮಿರ್ಚಿ ಮಾಡಿಡುತ್ತೇನೆಂದು ಅವಳು ಹಿಂದುಳಿದು, ನಾವು ಮೂವರೇ ಟಾಕೀಸಿಗೆ ಹೋದೆವು. ತಗಡಿನ ಮಾಡು, ಕಟ್ಟಿಗೆಯ ಕುರ್ಚಿ, ತಲೆಯ ಮೇಲೆ ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುವ ಫ್ಯಾನು. ಯಜಮಾನರನ್ನು ಗೋಡೆಯ ಪಕ್ಕ ಕೂಡಿಸಿ, ನಡುವೆ ಅತ್ತೆಯನ್ನಿಟ್ಟು, ದಾರಿಯ ಕಡೆಯ ಕುರ್ಚಿಯಲ್ಲಿ ನಾನು ಕಾವಲು ಕೂತೆ. ಇವರು ಏಳಬೇಕಾದರೆ ನನ್ನನ್ನು ದಾಟಿಕೊಂಡು ಹೋಗಬೇಕು. ಇದೂ ನನ್ನದೇ ಉಪಾಯ.

ಸಿನಿಮಾ ಎಂದಿನಂತೆ ಸೊಗಸಾಗಿತ್ತು. ಎಳನೀರು ಮಾರುವವನು ಕಾಯಿಯೆಂದು ತಿಳಿದು ಬುಟ್ಟಿಗೆ ಕೈ ಹಾಕಿ, ಹಲ್ಲಿಗೆ ಬೆರಳು ಸಿಕ್ಕಿಸಿಕೊಂಡು, ಎಳನೀರು ಕಚ್ಚಿತೆಂದು ಊರೆಲ್ಲ ಕೂಗಿಕೊಂಡು ಓಡುವಾಗ ಇಡೀ ಟಾಕೀಸು ಕುರ್ಚಿ ಬಡಿಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅಷ್ಟು ನಕ್ಕು ತಿಂಗಳುಗಳೇ ಆಗಿದ್ದವು. ಯಜಮಾನರಂತೂ ಹೊಸ ಮನುಷ್ಯರಾಗಿದ್ದರು. ಗಡಿಯಾರ ನೋಡಲಿಲ್ಲ, ಜೇಬು ಮುಟ್ಟಲಿಲ್ಲ. ಕಾಲ ಮೇಲೆ ಕಾಲು ಹಾಕಿ, ಕುರ್ಚಿಯ ಬೆನ್ನಿಗೆ ತಲೆ ಒರಗಿಸಿ, ಸಾಹುಕಾರನಿಗಿಂತ ಸಾಹುಕಾರರಂತೆ ಕೂತಿದ್ದರು. ಮದುವೆ ಚಪ್ಪರ ಬಂತು. ಹೀರೋ ಹಾರ್ಮೋನಿಯಂ ಮುಂದಿಟ್ಟುಕೊಂಡ. ಕಟಕಟ ಸದ್ದು ಬಂತು. ಅಜ್ಜಿ ಓರೆಗಣ್ಣಲ್ಲಿ ನೋಡಿದಳು. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಕೆಮ್ಮಿದರು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ನನಗೆ ಎಚ್ಚರವಾದಾಗ ನಾನು ಬಿಸಿಲಿನಲ್ಲಿ ನಿಂತಿದ್ದೆ. ಕಾಲಲ್ಲಿ ಚಪ್ಪಲಿ ಇತ್ತು, ಹೆಗಲಲ್ಲಿ ಚೀಲವಿತ್ತು, ಬೆನ್ನು ಇನ್ನೂ ಬಾಗಿಯೇ ಇತ್ತು. ಎದುರಿಗೆ ಸೈಕಲ್ ಸ್ಟ್ಯಾಂಡಿನವನು ಕೈ ಚಾಚಿಕೊಂಡು, "ಟೋಕನ್ ಕೊಡ್ರಿ ಅಮ್ಮಾರೆ, ಯಾವ ಗಾಡಿ ನಿಮ್ದು?" ಎಂದು ಕೇಳುತ್ತಿದ್ದ. ಇಷ್ಟು ವರ್ಷ ಯಜಮಾನರ ಸ್ಕೂಟರನ್ನು ಬೈದುಕೊಂಡು ಬಂದವಳು ನಾನು. ಆ ಸ್ಕೂಟರು ದಾವಣಗೆರೆಯಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಅದನ್ನು ತೆಗೆಯಲು ಹರಿಹರದಲ್ಲಿ ನಾನು ಎದ್ದು ಬಂದಿದ್ದೆ. ಕಣ್ಣು ಸಿನಿಮಾ ನೋಡುತ್ತಿದ್ದರೂ ಕಾಲು ಕೆಮ್ಮು ಕಾಯುತ್ತಿತ್ತು. ಯಾರ ಕೆಮ್ಮೆಂದು ವಿಚಾರಿಸುವ ಬುದ್ಧಿ ಕಾಲಿಗೆ ಎಲ್ಲಿಂದ ಬರಬೇಕು?

ತಿರುಗಿ ಓಡಿದೆ. ಗೇಟ್ ಕೀಪರು ಅಷ್ಟರಲ್ಲಿ ಬಾಗಿಲ ಎರಡೂ ರೆಕ್ಕೆಗಳನ್ನು ತೆರೆದು ನಿಂತಿದ್ದ. ಒಳಗಿನಿಂದ ತಗಡಿನ ಮಾಡು ಹಾರುವಂಥ ನಗೆಯೊಂದು ಎದ್ದಿತು. ಆ ನಗೆಯ ಬೆನ್ನಿಗೇ ಜನ ಹೊರನುಗ್ಗಿದರು. ಯಜಮಾನರು ಜೀವಮಾನವೆಲ್ಲ ಹೆದರಿಕೊಂಡಿದ್ದ ನೂಕುನುಗ್ಗಲು ಇದೇ ಇರಬೇಕು. ಅದು ನನ್ನನ್ನು ಎತ್ತಿಕೊಂಡು ಹೋಗಿ ಮತ್ತೆ ಸ್ಟ್ಯಾಂಡಿನವನ ಮುಂದೆಯೇ ಇಳಿಸಿತು.

ಜನ ಕರಗಿದ ಮೇಲೆ ಯಜಮಾನರು ಬಂದರು. ಅವರ ತೋಳು ಹಿಡಿದುಕೊಂಡು ಯಾರೋ ಒಬ್ಬ ಹೆಂಗಸು ಬರುತ್ತಿದ್ದರು. ತುಂಬು ಕೆನ್ನೆ, ಬಾಯಿತುಂಬ ಹಲ್ಲು. ಗುರುತು ಸಿಗದೆ ನಾನು ಅವರ ಹಿಂದೆ ಅತ್ತೆಯನ್ನು ಹುಡುಕಿದೆ. ಆ ಹೆಂಗಸು ನನ್ನ ಹತ್ತಿರ ಬಂದು, ಹೊಸ ಹಲ್ಲಿನ ಸಂದಿಯಿಂದ ಸಣ್ಣಗೆ ಸೀಟಿ ಹೊಡೆಯುತ್ತ, "ಎಲ್ಲಿ ಹೋಗಿದ್ದೆವ್ವಾ ನೀನು? ಸರಿಯಾದ ಹೊತ್ತಿಗೆ ಎದ್ದು ಹೋದಿ" ಎಂದರು.

ಚೀಲದಲ್ಲಿ ಗಳಗಳ ಎಂದದ್ದು ಕುಟ್ಟಾಣಿಯಲ್ಲ ಎಂದು ಆಗ ತಿಳಿಯಿತು.

"ಅತ್ತೆ, ಹಲ್ಲು ಯಾರಿಗೆ ಹೋತು?" ಎಂದು ಕೇಳಿದೆ.

"ನನ್ನ ಬಾಯಾಗ ಕಾಣ್ಸವಲ್ದೇನು? ಅಜ್ಜಿಗೇ ಹೋತು. ಹಾಕ್ಕೊಂಡು ಆ ಚಕ್ಕುಲಿ ಕಡಿದ್ಲು ನೋಡು, ಕಟಂ ಅಂತ. ಕೊಟ್ಟ ಮಾತು ಕೊಟ್ಟ ಮಾತು. ಅಲ್ಲೇ ಹಾಕ್ಕೊಂಡೆ."

ನಾನು ಯಜಮಾನರ ಕಡೆ ತಿರುಗಿದೆ. ಅವರು ಸ್ಟ್ಯಾಂಡಿನಲ್ಲಿದ್ದ ಪರರ ಸ್ಕೂಟರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ, "ಅವ್ವ ಹೇಳಿದ್ಲಲ್ಲ" ಎಂದರು.

ಆ ಸಂಜೆ ನಿರ್ಮಲಾಳ ಮನೆಯಲ್ಲಿ ಅತ್ತೆ ಮಿರ್ಚಿ ತಿಂದದ್ದನ್ನು ನೋಡಬೇಕಿತ್ತು. ಮೊದಲ ಮಿರ್ಚಿಗೆ ಹಲ್ಲೂ ಜೊತೆಗೇ ಹೊರಬಂತು. ಎರಡನೆಯದಕ್ಕೆ ಒಂದು ಒಪ್ಪಂದವಾಯಿತು. ಆಮೇಲೆ ಮಂಡಕ್ಕಿಯ ಮೊರ ಖಾಲಿಯಾಗುವತನಕ ಮಾತಿಲ್ಲ. ನಿರ್ಮಲಾ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು, ಮೆಣಸಿನಕಾಯಿ ಘಾಟು ಎಂದಳು.

ನನಗೆ ಮಾತ್ರ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಯಜಮಾನರ ಸ್ವಭಾವ ನನಗೆ ಗೊತ್ತು. ವಾದದಲ್ಲಿ ಸೋತಿದ್ದರೆ ಅವರು ಸುಮ್ಮನಿರುವವರಲ್ಲ. ಸಿನಿಮಾದವರೇ ತಪ್ಪು ಮಾಡಿದರೆಂದು ದಾವಣಗೆರೆ ಬರುವತನಕ ವಾದಿಸುತ್ತಿದ್ದರು. ಅವತ್ತು ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ, ಗೆದ್ದವರ ಹಾಗೆ ಮೀಸೆಯೊಳಗೇ ನಗುತ್ತಿದ್ದರು. ಅತ್ತೆಯಾದರೂ, ಸಿನಿಮಾ ನೋಡುವ ಮೊದಲೇ ಹಲ್ಲಿನ ಡಬ್ಬಿಯನ್ನು ಚೀಲದಲ್ಲಿ ತಂದಿದ್ದರು. ಗೆಲ್ಲುವುದು ಗೊತ್ತಿಲ್ಲದ ಪಣಕ್ಕೆ ಯಾರಾದರೂ ಹಲ್ಲು ಕಟ್ಟಿಕೊಂಡು ಹೋಗುತ್ತಾರೆಯೇ? ಹಟದಿಂದ ಇಳಿಯುವುದಕ್ಕೆ ಅವರಿಗೊಂದು ಏಣಿ ಬೇಕಿತ್ತು; ಮಗ ಸುಮ್ಮನಿದ್ದು ಏಣಿ ಹಿಡಿದುಕೊಂಡ ಎಂದು ನನ್ನ ಅನುಮಾನ. ಆದರೆ ಅನುಮಾನಕ್ಕೆ ಸಾಕ್ಷಿ ಇಲ್ಲ. ಸಾಕ್ಷಿ ಹೇಳಬೇಕಾದವಳು ಟೋಕನ್ ಇಲ್ಲದೆ ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಅದಾಗಿ ಎರಡು ತಿಂಗಳಿಗೆ ಕೇಬಲ್ಲಿನವರು ಆ ಸಿನಿಮಾವನ್ನು ಮತ್ತೆ ಹಾಕಿದರು. ಭಾನುವಾರ ಮಧ್ಯಾಹ್ನ. ಕರೆಂಟು ಇತ್ತು. ಸ್ಕೂಟರು ಅಂಗಳದಲ್ಲಿತ್ತು. ಈ ಸಲ ಯಾರು ಕೆಮ್ಮಿದರೂ, ಕ್ಷಯವೇ ಬಂದರೂ ಏಳಬಾರದೆಂದು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಅತ್ತೆ ಹಿಂದೆ ಕುರ್ಚಿಯಲ್ಲಿ ಕೂತು ಚಕ್ಕುಲಿ ಕಡಿಯುತ್ತಿದ್ದರು. ಕೈಬಳೆಗಳು ಮತ್ತೆ ಮಣಿಕಟ್ಟಿಗೆ ಬಂದು ನಿಂತಿದ್ದವು. ಹಾರ್ಮೋನಿಯಂ ಕಟಕಟ ಎಂದಿತು. ಕೂಡಲೇ ಹಿಂದೆ ಚಕ್ಕುಲಿಯ ಸದ್ದು ನಿಂತುಹೋಯಿತು.

"ಗಿರಿಜಾ, ಒಲಿ ಮ್ಯಾಲೆ ಹಾಲೈತೆ ನೋಡವ್ವ."

"ಹೌದೌದು, ಉಕ್ಕೋ ವಾಸನಿ ಬಂತು" ಎಂದರು ಯಜಮಾನರು, ಯಾರೂ ಕೇಳದಿದ್ದರೂ.

ತಿರುಗಿ ನೋಡಿದೆ. ಅತ್ತೆ ಟೀವಿ ನೋಡುತ್ತಿರಲಿಲ್ಲ. ಅರ್ಧ ಕಡಿದ ಚಕ್ಕುಲಿ ಹಿಡಿದುಕೊಂಡು, ಓರೆಗಣ್ಣಲ್ಲಿ ನನ್ನನ್ನು ನೋಡುತ್ತಿದ್ದರು.

ನಾನು ಎದ್ದೆ. ಅಭ್ಯಾಸಬಲದಿಂದ ಬೆನ್ನು ಬಾಗಿಸಿಕೊಂಡೇ ಅಡುಗೆಮನೆಗೆ ಹೋದೆ. ಹೊರಗೆ ಟೀವಿಯಲ್ಲಿ ಗದ್ದಲವೆದ್ದಿತು. ತಾಯಿ ಮಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ಶುಭಂ ಸಂಗೀತ ಮೊಳಗಿತು. ಚಕ್ಕುಲಿ ಮತ್ತೆ ಕಟಂ ಎಂದಿತು. ಅಷ್ಟು ಹೊತ್ತೂ ನಾನು ಹಾಲು ಉಕ್ಕದಂತೆ ಕಣ್ಣಿಟ್ಟು ಕಾಯುತ್ತ ನಿಂತಿದ್ದೆ. ಒಲೆ ಹಚ್ಚಿರಲಿಲ್ಲ.